ಕಾಣೆಯಾದ ದವಡೆ ಮೂಳೆ ಹಾಗೂ ಅದರ ಮೇಲೆ ಹಲ್ಲು ನಿಲ್ಲಿಸುವ ವಿಷಯ

"ಇಷ್ಟು ವರ್ಷ ಇದ್ದ ಮೂಳೆ, ಎಲ್ಲಿಗೆ ಹೋಯ್ತು?"

(ನೆಲಮಹಡಿಯ ದಂತ ಚಿಕಿತ್ಸಾ ಕೊಠಡಿಯ ಹೊರಗಿನ ಬೆಂಚಿನ ಮೇಲೆ ಕುಳಿತು, ಎಕ್ಸ್‌ರೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಯಾರನ್ನೂ ಉದ್ದೇಶಿಸದೆ ಕೇಳಲಾದ ಪ್ರಶ್ನೆ. ಸ್ವೀಕೃತಿ ವಿಭಾಗದ ಮೊಹರು ಬಿದ್ದಿದೆ.)

ಸಂಖ್ಯೆ: ಇಲಾಖೆ/ಬಾಯಿ/ಕೆಳದವಡೆ/ನಾಪತ್ತೆ-1/ಮರುಪರಿಶೀಲನೆಯ ಮರುಪರಿಶೀಲನೆ

ವಿಷಯ: ದವಡೆ ಮೂಳೆ ಕಳೆದುಕೊಂಡ ನೌಕರರು ಬದಲಿ ಹಲ್ಲು ಪಡೆಯಲು ಇರುವ ದಾರಿಗಳು ಹಾಗೂ ಆ ದಾರಿಗಳಲ್ಲಿ ಮುಂದೆ ಹೋಗದಿರಲು ಪಾಲಿಸಬೇಕಾದ ಕ್ರಮಗಳ ಕುರಿತು.

ಉಲ್ಲೇಖ:
1. ಮೇಲ್ಕಂಡ ಪ್ರಶ್ನೆ.
2. ದಂತ ವೈದ್ಯೆಯವರ ಒಂದು ಸಾಲಿನ ಟಿಪ್ಪಣಿ.
3. ಸದರಿ ಒಂದು ಸಾಲನ್ನು ಅರ್ಥ ಮಾಡಿಕೊಳ್ಳಲು ರಚಿಸಲಾದ ಸಮಿತಿಯ ನಡವಳಿಗಳು, ಮೂರು ಸಂಪುಟ.
4. ಸಮಿತಿಯು ಏಕೆ ಸಭೆ ಸೇರಲಿಲ್ಲ ಎಂಬುದನ್ನು ಚರ್ಚಿಸಲು ಸೇರಿದ ಸಭೆ.

ಪ್ರಸ್ತಾವನೆ

ಈ ಇಲಾಖೆಯಲ್ಲಿ ಸುತ್ತೋಲೆಗಳನ್ನು ಸೂಚನಾ ಫಲಕಕ್ಕೆ ಅಂಟಿಸುವ ಪದ್ಧತಿ ಹಿಂದೆ ಇತ್ತು. ಅಂಟಿಸಿದ್ದನ್ನು ಯಾರೂ ಓದುತ್ತಿಲ್ಲವೆಂದೂ, ಫಲಕದ ಗಾಜನ್ನು ತಲೆ ಬಾಚಿಕೊಳ್ಳಲು ಬಳಸುತ್ತಿದ್ದಾರೆಂದೂ ಕಂಡುಬಂದ ಕಾರಣ, ವಾರದ ಮೊದಲ ದಿನ ಬೆಳಗ್ಗೆ ಎಲ್ಲರನ್ನೂ ದೊಡ್ಡ ಸಭಾಂಗಣದಲ್ಲಿ ಕೂರಿಸಿ, ಸುತ್ತೋಲೆಯನ್ನು ಗಟ್ಟಿಯಾಗಿ ಓದಿ ಕೇಳಿಸುವ ಪದ್ಧತಿಯನ್ನು ಜಾರಿಗೆ ತರಲಾಯಿತು. ಓದಿ ಕೇಳಿಸಿದ್ದು ಸುತ್ತೋಲೆ, ಕೇಳಿಸದೇ ಉಳಿದದ್ದು ಕಾಗದ. ಇದಕ್ಕೆಂದು ಮಂಜೂರಾಗಿರುವುದು ವಾಚಕಿ ಎಂಬ ಒಂದೇ ಒಂದು ಹುದ್ದೆ. ಬೇರೆ ಯಾರಾದರೂ ಎದ್ದು ಓದಿದರೆ ಅದನ್ನು ಬರಿಯ ಮಾತು ಎಂದು ಪರಿಗಣಿಸತಕ್ಕದ್ದು.

ಸದರಿ ಹುದ್ದೆಯಲ್ಲಿರುವವರನ್ನು ಅಧೀಕ್ಷಕರಿಂದ ಹಿಡಿದು ಚಹಾ ತರುವವರವರೆಗೆ ಎಲ್ಲರೂ ಓದಕ್ಕ ಎಂದೇ ಕರೆಯುತ್ತಾರೆ. ಇವರ ಕಂಠ ಹೇಗಿತ್ತೆಂದರೆ, ಪೆನ್ಸಿಲ್ ಖರೀದಿಯ ಸುತ್ತೋಲೆ ಓದಿದರೂ ಕೆಲವರು ಕೈ ಜೋಡಿಸಿ ಕುಳಿತುಕೊಳ್ಳುತ್ತಿದ್ದರು. ಬಹಳ ಹಿಂದೆಯೇ ಹಲ್ಲುಗಳನ್ನೆಲ್ಲ ಕೀಳಿಸಿಕೊಂಡಿದ್ದ ಓದಕ್ಕನವರು ಕಟ್ಟಿಸಿದ ಹಲ್ಲಿನ ಸೆಟ್ಟು ಹಾಕಿಕೊಂಡು ಕಾಲ ಹಾಕುತ್ತಿದ್ದರು. ಮೇಲಿನ ಸೆಟ್ಟು ಅಂಗುಳಕ್ಕೆ ಅಂಟಿಕೊಂಡು ಗೌರವದಿಂದ ಇತ್ತು. ಕೆಳಗಿನದು ಮಾತ್ರ ವರ್ಷ ಕಳೆದಂತೆ ಸಡಿಲವಾಗುತ್ತಾ, ನೀರಿನ ಮೇಲಿನ ತಟ್ಟೆಯ ಹಾಗೆ ಬಾಯೊಳಗೆ ತೇಲಾಡತೊಡಗಿತು. ಕೊನೆಗೆ ಶಿಸ್ತಿನ ಕುರಿತ ಸುತ್ತೋಲೆಯನ್ನು ಓದುವಾಗ ಅದು ಜಾರಿ ಹಾಜರಿ ಪುಸ್ತಕದ ಮೇಲೆ ಬಿದ್ದಿತು. ಅದನ್ನು ಆ ದಿನದ ಹಾಜರಿ ಎಂದು ಪರಿಗಣಿಸಲಾಯಿತು. ಆ ಬಳಿಕ ಎಕ್ಸ್‌ರೇ ತೆಗೆದಾಗ, ಸೆಟ್ಟು ಕೂರಬೇಕಾದ ಕೆಳದವಡೆಯ ಮೂಳೆಯೇ ಬಹುಪಾಲು ಇಲ್ಲವೆಂದು ತಿಳಿದುಬಂದು, ಆರಂಭದಲ್ಲಿ ನಮೂದಿಸಿದ ಪ್ರಶ್ನೆ ಓದಕ್ಕನವರ ಬಾಯಲ್ಲಿ ಉದ್ಭವಿಸಿತು.

ಈ ಹಿನ್ನೆಲೆಯಲ್ಲಿ ಎಲ್ಲರ ಅವಗಾಹನೆಗಾಗಿ ಈ ಕೆಳಕಂಡಂತೆ ಸೂಚಿಸಲಾಗಿದೆ.

1. ಯಾರನ್ನೂ ಉದ್ದೇಶಿಸದೆ ಕೇಳಿದ ಪ್ರಶ್ನೆಯು ಇಲಾಖೆಯನ್ನೇ ಉದ್ದೇಶಿಸಿದ್ದು ಎಂದು ಭಾವಿಸಲಾಗುವುದು. ನಿಜವಾಗಿಯೂ ಯಾರನ್ನೂ ಉದ್ದೇಶಿಸದೆ ಏನನ್ನಾದರೂ ಕೇಳಬಯಸುವ ನೌಕರರು, ಕೇಳುವ ಮುನ್ನ, ತಾವು ಯಾರನ್ನೂ ಕೇಳುತ್ತಿಲ್ಲವೆಂದು ಮೇಲಧಿಕಾರಿಗಳಿಗೆ ತಿಳಿಸತಕ್ಕದ್ದು. ನಿಟ್ಟುಸಿರಿಗೆ ಇದು ಸದ್ಯಕ್ಕೆ ಅನ್ವಯಿಸುವುದಿಲ್ಲ.

2. ಇದ್ದ ವಸ್ತು ಇಲ್ಲವಾದಾಗ ನಾಪತ್ತೆ ನಿಯಮಗಳು ತಾವಾಗಿಯೇ ಅನ್ವಯವಾಗುತ್ತವೆ. ಅದರಂತೆ ಶೋಧನಾ ತಂಡವೊಂದನ್ನು ರಚಿಸಲಾಯಿತು. ತಂಡವು ಕೈ ತೊಳೆಯುವ ತೊಟ್ಟಿ, ಕ್ಯಾಂಟೀನಿನ ಮೇಜಿನ ಅಡಿ, ವಾಚಕಿಯವರ ಕುರ್ಚಿಯ ಮೆತ್ತೆ ಇವುಗಳನ್ನು ಕೂಲಂಕಷವಾಗಿ ಹುಡುಕಿ, ಒಂದು ಪೆನ್ನಿನ ಮುಚ್ಚಳ, ಹಿಂದಿನ ಅಧೀಕ್ಷಕರ ಕನ್ನಡಕದ ಒಂದು ಕಾಲು ಹಾಗೂ ಇತ್ಯರ್ಥವಾಗಿದೆ ಎಂದು ವರದಿಯಾಗಿದ್ದ ಒಂದು ಕಡತವನ್ನು ಪತ್ತೆಹಚ್ಚಿದೆ. ಮೂಳೆ ಸಿಕ್ಕಿಲ್ಲ. ಮೂಳೆಯು ಕೊನೆಯ ಬಾರಿ ಯಾರ ವಶದಲ್ಲಿತ್ತು ಎಂದು ವಾಚಕಿಯವರನ್ನು ವಿಚಾರಿಸಲಾಗಿ, "ನನ್ನ ಬಾಯಲ್ಲೇ ಇತ್ತಪ್ಪ, ಇನ್ನೇನು ಪಕ್ಕದ ಮನೆಯವರ ಬಾಯಲ್ಲಿ ಇಟ್ಟು ಬಂದಿದ್ನಾ" ಎಂದು ನುಡಿದಿರುತ್ತಾರೆ. ಪಕ್ಕದ ಮನೆಯವರ ವಿಚಾರಣೆ ಬಾಕಿ ಇದೆ.

3. ದಂತ ವೈದ್ಯೆಯವರನ್ನು ಕರೆಸಿ ಸಮಜಾಯಿಷಿ ಕೇಳಲಾಯಿತು. ಅವರು, "ಯಾರೂ ಕದ್ದಿಲ್ಲ ಸಾರ್. ಹಲ್ಲು ಹೋದ ಮೇಲೆ ಅದನ್ನ ಹಿಡ್ಕೊಂಡಿದ್ದ ಮೂಳೆಗೆ ಕೆಲಸ ಇರಲ್ಲ. ಕೆಲಸ ಇಲ್ಲದ ಮೂಳೆನ ಮೈ ಸುಮ್ಮನೆ ಕೂರಿಸಿ ಸಾಕಲ್ಲ, ನಿಧಾನವಾಗಿ ಕರಗಿಸಿಬಿಡತ್ತೆ" ಎಂದು ತಿಳಿಸಿದರು. ಸದರಿ ತತ್ವವು ಶರೀರಕ್ಕೆ ಮಾತ್ರ ಸೀಮಿತವಾದದ್ದು, ಇಲಾಖೆಗೆ ಯಾವುದೇ ರೀತಿಯಲ್ಲಿ ಅನ್ವಯಿಸುವುದಿಲ್ಲ ಎಂದು ಈ ಮೂಲಕ ಖಚಿತಪಡಿಸಲಾಗಿದೆ. ಇದನ್ನು ಕಾರಿಡಾರುಗಳಲ್ಲಿ, ವಿಶೇಷವಾಗಿ ಮೂರನೇ ಮಹಡಿಯಲ್ಲಿ, ಚರ್ಚಿಸುವುದನ್ನು ನಿಷೇಧಿಸಲಾಗಿದೆ.

4. ವಾಚಕಿಯವರ ಬಾಯಿಯು ಇಲಾಖೆಯ ಕೆಲಸಕ್ಕೆ ಬಳಕೆಯಾಗುತ್ತಿರುವುದರಿಂದ, ಅದು ಟೈಪ್ ಯಂತ್ರ, ಮೊಹರು ಹಾಗೂ ಗೋಡೆ ಗಡಿಯಾರಗಳಂತೆಯೇ ಕಚೇರಿಯ ಉಪಕರಣವಾಗಿದೆ. ಸಮಿತಿಯ ಪೂರ್ವಾನುಮತಿ ಇಲ್ಲದೆ ಅದರೊಳಗೆ ಯಾವುದೇ ದುರಸ್ತಿ, ವಿಸ್ತರಣೆ ಅಥವಾ ಹೊಸ ನಿರ್ಮಾಣ ಮಾಡತಕ್ಕದ್ದಲ್ಲ. ಊಟ ಮಾಡಲು ಅನುಮತಿ ಇದೆ.

5. ಮೂಳೆ ಸವೆದ ದವಡೆಯಲ್ಲಿ ತಿರುಪಿನಂಥ ಕೃತಕ ಬೇರು, ಅಂದರೆ ಇಂಪ್ಲಾಂಟ್, ನಿಲ್ಲಿಸಿ ಹಲ್ಲು ಕೂರಿಸಲು ಇರುವ ದಾರಿಗಳನ್ನು ಸಮಿತಿಯು ಒಂದೊಂದಾಗಿ ಪರಿಶೀಲಿಸಿ ಈ ಕೆಳಗಿನ ಅಭಿಪ್ರಾಯಕ್ಕೆ ಬಂದಿದೆ:

(ಅ) ಮೂಳೆ ಕಸಿ. ತಮ್ಮದೇ ಸೊಂಟದಿಂದಲೋ ಗದ್ದದಿಂದಲೋ ಚೂರು ಮೂಳೆ ತೆಗೆದು ದವಡೆಗೆ ತುಂಬಿ, ಅದು ಬೆರೆತುಕೊಳ್ಳಲು ತಿಂಗಳುಗಟ್ಟಲೆ ಕಾದು, ಆಮೇಲೆ ಬೇರು ನಿಲ್ಲಿಸುವ ಕ್ರಮ. ಇದು ಸ್ಪಷ್ಟವಾಗಿ ಅಂತರ-ವಿಭಾಗ ವರ್ಗಾವಣೆಯಾಗಿದೆ. ಸೊಂಟದಲ್ಲಿ ಇಷ್ಟು ವರ್ಷ ಭಾರ ಹೊತ್ತ ಮೂಳೆಯನ್ನು ಬಾಯಿಯಂಥ ಕೆಳ ದರ್ಜೆಯ ಜಾಗಕ್ಕೆ ಕಳುಹಿಸುವುದರಿಂದ ಅದರ ಸೇವಾ ಹಿರಿತನಕ್ಕೆ ಧಕ್ಕೆ ಬರುತ್ತದೆ. ಸೊಂಟದಿಂದ ನಿರಾಕ್ಷೇಪಣಾ ಪತ್ರ ಬಂದ ನಂತರ ಪರಿಶೀಲಿಸಬಹುದು. ಪ್ರಾಣಿಮೂಲದ ಮೂಳೆ ಪುಡಿಯನ್ನು ಬಳಸುವುದಾದರೆ, ಸದರಿ ಪ್ರಾಣಿಯ ನಡತೆ ಪ್ರಮಾಣಪತ್ರವನ್ನು ಲಗತ್ತಿಸತಕ್ಕದ್ದು.

(ಆ) ಸೈನಸ್ ತಳ ಎತ್ತುವುದು. ಮೂಗಿನ ಪಕ್ಕದ ಟೊಳ್ಳು ಜಾಗದ ನೆಲವನ್ನು ಮೇಲಕ್ಕೆತ್ತಿ, ಅಡಿಯಲ್ಲಿ ಮೂಳೆ ತುಂಬುವ ವಿಧಾನ. ಇದು ಮೇಲ್ದವಡೆಗೆ ಮಾತ್ರ ಎಂದು ವೈದ್ಯೆಯವರು ಹೇಳಿದ ಮೇಲೂ, ಆಡಳಿತದ ಕಣ್ಣು ಮೇಲೆ ಕೆಳಗೆ ಎಂದು ಭೇದ ಮಾಡಬಾರದೆಂಬ ಕಾರಣಕ್ಕೆ ಸಮಿತಿಯು ಇದನ್ನು ಎರಡು ಸಭೆಗಳಲ್ಲಿ ಚರ್ಚಿಸಿತು. ಖಾಲಿ ಬಿದ್ದಿರುವ ಕೋಣೆಗಳನ್ನು ಈಗಾಗಲೇ ಹಳೆಯ ಕಡತಗಳಿಗೆ ಹಂಚಿಕೆ ಮಾಡಿರುವುದರಿಂದ ತಿರಸ್ಕರಿಸಲಾಗಿದೆ.

(ಇ) ಗಿಡ್ಡ ಬೇರು. ಮೂಳೆಯ ಎತ್ತರ ಕಡಿಮೆ ಇದ್ದಲ್ಲಿ ಉದ್ದ ಕಡಿಮೆ ಇರುವ ಬೇರುಗಳನ್ನೇ ಹಾಕುವುದು. ನೇಮಕಾತಿ ನಿಯಮಗಳಲ್ಲಿ ಕನಿಷ್ಠ ಎತ್ತರ ನಿಗದಿಯಾಗಿದ್ದು, ಬೇರುಗಳಿಗೆ ವಿನಾಯಿತಿ ಕೊಟ್ಟರೆ ನಾಳೆ ಕಾವಲುಗಾರರೂ ಕೇಳುತ್ತಾರೆ.

(ಈ) ಓರೆ ಬೇರು. ಇರುವ ಮೂಳೆಯಲ್ಲೇ ಮುಂದೆ ಎರಡನ್ನು ನೆಟ್ಟಗೆ, ಹಿಂದೆ ಎರಡನ್ನು ಓರೆಯಾಗಿ ನಿಲ್ಲಿಸಿ, ನಾಲ್ಕರ ಮೇಲೆ ಇಡೀ ಸಾಲನ್ನು ಕೂರಿಸುವುದು. ಓರೆಯಾಗಿ ನಿಂತವರ ಮೇಲೆ ಇಡೀ ಭಾರ ಹಾಕುವುದು ಈ ಇಲಾಖೆಯಲ್ಲಿ ರೂಢಿಯಲ್ಲಿದ್ದರೂ, ಅದನ್ನು ಬರವಣಿಗೆಯಲ್ಲಿ ಒಪ್ಪಿಕೊಳ್ಳಲು ಬರುವುದಿಲ್ಲ.

(ಉ) ಕೆನ್ನೆಮೂಳೆಗೆ ಬೇರು. ಮೇಲ್ದವಡೆಯಲ್ಲಿ ಮೂಳೆ ಪೂರ್ತಿ ಕರಗಿದವರಿಗೆ ಉದ್ದನೆಯ ಬೇರನ್ನು ಕೆನ್ನೆಮೂಳೆಯವರೆಗೆ ಒಯ್ದು ಬಿಗಿಯುವುದು. ಕೆನ್ನೆಯು ಮುಖದ ಅಧೀನದಲ್ಲಿದ್ದು, ಬಾಯಿ ವಿಭಾಗದ ವ್ಯಾಪ್ತಿಯಲ್ಲಿಲ್ಲ. ಮುಖಕ್ಕೆ ಪತ್ರ ಬರೆಯಲಾಗಿದೆ. ಮುಖ ಉತ್ತರಿಸಿಲ್ಲ.

(ಊ) ಎರಡು ಬೇರು, ಮೇಲೊಂದು ಸೆಟ್ಟು. ವೈದ್ಯೆಯವರ ಒಂದು ಸಾಲಿನ ಟಿಪ್ಪಣಿ ಇದೇ: "ಕೆಳದವಡೆಯ ಮುಂಭಾಗದಲ್ಲಿ ಇನ್ನೂ ಮೂಳೆ ಉಳಿದಿದೆ, ಅಲ್ಲಿ ಎರಡು ಬೇರು ನಿಲ್ಲಿಸಿ, ಬಟ್ಟೆಯ ಪ್ರೆಸ್ ಬಟನ್ನಿನ ಹಾಗೆ ಅದರ ಮೇಲೆ ಕೂರುವ ಸೆಟ್ಟು ಮಾಡಿದರೆ ಸಾಕು, ರಾತ್ರಿ ತೆಗೆದು ತೊಳೆದಿಡಬಹುದು." ಸಮಿತಿಗೆ ಅರ್ಥವಾದ ಏಕೈಕ ದಾರಿ ಇದು. ಇಷ್ಟು ಸುಲಭವಾಗಿ ಅರ್ಥವಾದದ್ದರಿಂದ ಇದರಲ್ಲಿ ಮುಖ್ಯವಾದ ಏನೋ ಬಿಟ್ಟುಹೋಗಿರಬೇಕೆಂದು ಶಂಕಿಸಿ ಮುಂದಿನ ಸಭೆಗೆ ಮುಂದೂಡಲಾಗಿದೆ. ಮುಂದಿನ ಸಭೆಯನ್ನು ಅದರ ಮುಂದಿನ ಸಭೆಗೆ ಮುಂದೂಡಲಾಗಿದೆ.

(ಋ) ಏನೂ ಮಾಡದಿರುವುದು. ಇದಕ್ಕೆ ಯಾವ ವಿಭಾಗದ ಆಕ್ಷೇಪಣೆಯೂ ಬಂದಿಲ್ಲ. ಸಿಬ್ಬಂದಿಗೆ ಅನುಭವವೂ ಇದೆ. ಸಮಿತಿಯು ಇದನ್ನು ಸರ್ವಾನುಮತದಿಂದ ಶಿಫಾರಸು ಮಾಡಿದೆ.

6. ಶಿಫಾರಸಿನ ಅನ್ವಯ ಏನೂ ಮಾಡದೆ ಇರುವ ಅವಧಿಯಲ್ಲಿ ವಾಚಕಿಯವರಿಗೆ ಅನುಕೂಲವಾಗಲೆಂದು, ಸುತ್ತೋಲೆಗಳಲ್ಲಿ ತ, ದ, ನ, ಸ ಮುಂತಾದ, ಹಲ್ಲಿನ ನೆರವು ಬೇಡುವ ಅಕ್ಷರಗಳನ್ನು ಬಳಸದಂತೆ ಕರಡು ವಿಭಾಗಕ್ಕೆ ತಾಕೀತು ಮಾಡಲಾಯಿತು. 'ಸೂಚಿಸಲಾಗಿದೆ', 'ನಿಷೇಧಿಸಲಾಗಿದೆ', 'ತಕ್ಕದ್ದು' ಇವು ಮೂರೂ ಇಲ್ಲದೆ ಏನು ಬರೆಯುವುದೆಂದು ತೋಚದೆ ಕರಡು ವಿಭಾಗವು ಕೈಕಟ್ಟಿ ಕುಳಿತಿತು. ಒಂದಿಡೀ ತಿಂಗಳು ಇಲಾಖೆಯಿಂದ ಒಂದು ಸುತ್ತೋಲೆಯೂ ಹೊರಡಲಿಲ್ಲ. ಸದರಿ ತಿಂಗಳಲ್ಲಿ ಸಾರ್ವಜನಿಕರ ಕೆಲಸಗಳು ಎಂದಿಗಿಂತ ಬೇಗ ಆದವೆಂದು ಕೆಲವರು ಹೇಳುತ್ತಿರುವುದು ಗಮನಕ್ಕೆ ಬಂದಿದ್ದು, ಅದು ಕೇವಲ ಕಾಕತಾಳೀಯವೆಂದು ತಿಳಿಸಲಾಗಿದೆ. ತಾಕೀತನ್ನು ಕೂಡಲೇ ಹಿಂಪಡೆಯಲಾಯಿತು.

7. ವಾಚಕಿಯವರ ಬಾಯಿಯು ಕಚೇರಿ ಅವಧಿಯ ಹೊರಗೆ ಎಷ್ಟರಮಟ್ಟಿಗೆ ಬಳಕೆಯಾಗುತ್ತಿದೆ ಎಂದು ಅರಿಯಲು ತನಿಖಾಧಿಕಾರಿಯೊಬ್ಬರನ್ನು ಅವರ ಮನೆಗೆ ಕಳುಹಿಸಲಾಯಿತು. ವರದಿಯ ಸಾರಾಂಶ ಇಂತಿದೆ. ಮನೆಯಲ್ಲಿ ವಾಚಕಿ ಮತ್ತು ಅವರ ಅಣ್ಣ ಇಬ್ಬರೇ. ಅಣ್ಣನವರು ಗಡಿಯಾರ ರಿಪೇರಿ ಮಾಡುತ್ತಿದ್ದವರು. ಈಗ ಕಣ್ಣು ಕಾಣುವುದಿಲ್ಲ. ಸಂಜೆ ತಂಗಿ ಕೈಕಾಲು ತೊಳೆದು ಬಂದು ಹಳೆಯ ಕಾವ್ಯವೊಂದನ್ನು ರಾಗವಾಗಿ ಓದುವುದು, ಅಣ್ಣ ಗೋಡೆಗೊರಗಿ ಕೇಳುವುದು, ಇದು ಅವರಪ್ಪನ ಕಾಲದಿಂದ ಆ ಮನೆಯಲ್ಲಿ ನಡೆದುಕೊಂಡು ಬಂದಿದೆ. ಸದ್ಯ ನಿಂತಿದೆ. ಯುದ್ಧಕ್ಕೆ ಹೊರಟ ಮಗನ ಕುದುರೆಯ ಕಡಿವಾಣವನ್ನು ತಾಯಿ ಹಿಡಿದುಕೊಂಡ ಪದ್ಯದಲ್ಲಿ ಕೆಳಗಿನ ಸೆಟ್ಟು ಜಾರಿತೆಂದೂ, ಅಂದಿನಿಂದ ತಾಯಿ ಕಡಿವಾಣ ಹಿಡಿದು ಹಾಗೇ ನಿಂತಿದ್ದಾಳೆಂದೂ ತಿಳಿದುಬಂದಿದೆ.

ಸಂಜೆ ಹೊತ್ತು ಈಗ ಏನು ಮಾಡುತ್ತೀರಿ ಎಂದು ತನಿಖಾಧಿಕಾರಿ ಕೇಳಲಾಗಿ ಅಣ್ಣನವರು, "ನಂಗೆ ಬೇಗ ನಿದ್ದೆ ಬಂದ್ಬಿಡತ್ತೆ ಸ್ವಾಮಿ" ಎಂದರು. ತಂಗಿ ಚಹಾ ತರಲು ಒಳಗೆ ಹೋದೊಡನೆ ದನಿ ತಗ್ಗಿಸಿ, "ಎಲ್ಲಿಯ ನಿದ್ದೆ. ಅವಳು ಒಂದು ಕೈಲಿ ಗದ್ದ ಒತ್ತಿ ಹಿಡ್ಕೊಂಡು ಓದಕ್ಕೆ ನೋಡ್ತಾಳೆ. ಒಸಡು ಗಾಯ ಆಗಿದೆ ಅಂತ ದನಿಲೇ ಗೊತ್ತಾಗತ್ತೆ. ನಂಗೆ ಕಣ್ಣಿಲ್ಲ ಅಷ್ಟೆ, ಕಿವಿ ಇದೆಯಲ್ಲ. ಅದಕ್ಕೇ ಪುಸ್ತಕ ತೆಗೆದ ಕೂಡಲೇ ಆಕಳಿಸ್ತೀನಿ" ಎಂದು ಸೇರಿಸಿದರು. ಅಷ್ಟರಲ್ಲಿ ಒಳಗಿನಿಂದ, "ಅಣ್ಣನ ಆಕಳಿಕೆ ಶುದ್ಧ ಸುಳ್ಳು. ಹುಟ್ಟಿದಾಗಿಂದ ಕೇಳ್ತಿದೀನಿ, ನಂಗೆ ಗೊತ್ತಾಗಲ್ವಾ" ಎಂಬ ದನಿ ಬಂತು. ತಂಗಿ ಚಹಾ ತಂದಿಟ್ಟರು. ಚಹಾ ಚೆನ್ನಾಗಿತ್ತು.

ಆಕಳಿಕೆಯ ಸತ್ಯಾಸತ್ಯತೆಯು ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲ. ಕೇಳುಗರು ಒಬ್ಬರೇ ಇರುವುದರಿಂದ ಸದರಿ ಓದಿಗೆ ಕೋರಂ ಇರುವುದಿಲ್ಲ. ಆದ್ದರಿಂದ ಬಾಯಿ ದುರಸ್ತಿಗೆ ಇದನ್ನು ಕಾರಣವಾಗಿ ಪರಿಗಣಿಸಲು ಬರುವುದಿಲ್ಲ.

8. ಸಮಿತಿಯು ಇಷ್ಟು ಪರಿಶ್ರಮದಲ್ಲಿ ತೊಡಗಿರುವಾಗ, ವೈದ್ಯೆಯವರು ಹೊಸ ಎಕ್ಸ್‌ರೇ ಹಾಳೆಯೊಂದಿಗೆ ಅಧೀಕ್ಷಕರ ಕೊಠಡಿಗೆ ನೇರವಾಗಿ ಬಂದಿರುತ್ತಾರೆ. ಅಲ್ಲಿ ನಡೆದ ಮಾತುಕತೆಯನ್ನು ಮುಂದಿನವರ ಎಚ್ಚರಿಕೆಗಾಗಿ ದಾಖಲಿಸಲಾಗಿದೆ.

"ಸಾರ್, ಮುಂದಗಡೆ ಉಳಿದಿದ್ದ ಮೂಳೆನೂ ತೆಳ್ಳಗಾಗ್ತಿದೆ. ಈಗ ಹಾಕಿದ್ರೆ ಎರಡು ಬೇರು ಗಟ್ಟಿಯಾಗಿ ನಿಲ್ಲತ್ತೆ. ಇನ್ನೂ ತಡ ಆದ್ರೆ ಸುಲಭದ ದಾರಿ ಮುಚ್ಚಿಹೋಗತ್ತೆ, ಸೊಂಟಕ್ಕೇ ಕೈ ಹಾಕಬೇಕಾಗತ್ತೆ."

"ಮೂಳೆ ಕಡಿಮೆ ಆಗಿದೆ ಅಂದ್ರೆ ನಮ್ಮ ಕೆಲಸನೂ ಕಡಿಮೆ ಆದ ಹಾಗಲ್ವೇ ಡಾಕ್ಟ್ರೇ?"

"ಹಳ್ಳ ದೊಡ್ಡದಾದ್ರೆ ತುಂಬೋ ಮಣ್ಣು ಜಾಸ್ತಿ ಬೇಕೋ, ಕಡಿಮೆ ಬೇಕೋ?"

"ನೀವು ಮಣ್ಣಿನ ವಿಷಯ ತರಬೇಡಿ. ಅದಕ್ಕೆ ಬೇರೆ ಇಲಾಖೆ ಇದೆ."

"ಸಾರ್, ಆಕೆ ಓದೋದು ನಿಮಗೆ ಬೇಕೋ ಬೇಡವೋ?"

"ಬೇಕು ಡಾಕ್ಟ್ರೇ. ಬೇಕು ಅಂತಾನೇ ಸಮಿತಿ ಮಾಡಿರೋದು."

ವೈದ್ಯೆಯವರು ಹಾಳೆಯನ್ನು ಮೇಜಿನ ಮೇಲೆ ಬಿಟ್ಟು ಹೊರಟುಹೋದರು. ಹಳೆಯ ಹಾಗೂ ಹೊಸ ಎಕ್ಸ್‌ರೇಗಳ ನಡುವಿನ ವ್ಯತ್ಯಾಸವನ್ನು ವಾರ್ಷಿಕ ವರದಿಯ 'ಉಳಿತಾಯ' ಶೀರ್ಷಿಕೆಯಡಿ ತೋರಿಸಲು ತೀರ್ಮಾನಿಸಲಾಯಿತು.

9. ಈ ನಡುವೆ ವಾಚಕಿಯವರು ಅಧೀಕ್ಷಕರ ಕೊಠಡಿಯ ಬಾಗಿಲಲ್ಲಿ ನಿಂತು "ಸಾರ್, ಇವತ್ತು ಆಗತ್ತಾ?" ಎಂದು ಕೇಳುವುದೂ, "ನೋಡೋಣ ಅಕ್ಕ" ಎಂದು ಉತ್ತರ ಪಡೆಯುವುದೂ ನಿಯಮಿತವಾಗಿ ನಡೆದಿರುತ್ತದೆ. ಇಲಾಖೆಯು ನೋಡುತ್ತಲೇ ಇತ್ತು. ಹೀಗಿರುವಾಗ, ಹೊಸ ಎಕ್ಸ್‌ರೇ ಬಂದ ಮರುವಾರ, ಸದರಿ ವಾಚಕಿಯವರು ತಮ್ಮ ಸ್ವಂತ ರಜೆಯಲ್ಲಿ, ವೈದ್ಯೆಯವರ ಸ್ವಂತ ದವಾಖಾನೆಯಲ್ಲಿ, ತಮ್ಮ ಸ್ವಂತ ಬಾಯಿಯೊಳಗೆ, ಯಾವುದೇ ಪೂರ್ವಾನುಮತಿ ಇಲ್ಲದೆ ಎರಡು ಬೇರುಗಳನ್ನು ಹಾಕಿಸಿಕೊಂಡಿರುತ್ತಾರೆ. ಕಾರಣ ಕೇಳಲಾಗಿ, "ನಾನು ಕಾಯ್ತಾನೇ ಇದ್ದೆ ಸಾರ್. ಮೂಳೆ ಕಾಯಲಿಲ್ಲ" ಎಂದಷ್ಟೇ ಹೇಳಿರುತ್ತಾರೆ. ಇದು ಉತ್ತರವಲ್ಲವೆಂದು ಷರಾ ಬರೆದು ಹಿಂದಿರುಗಿಸಲಾಗಿದೆ.

ಬೇರುಗಳನ್ನು ಮೂಳೆ ಬಿಗಿಯಾಗಿ ಹಿಡಿದುಕೊಳ್ಳುವವರೆಗೆ ಕೆಲ ತಿಂಗಳು ಕಳೆಯಿತು. ಆ ಅವಧಿಯಲ್ಲಿ ವಾಚಕಿಯವರು ಕ್ಯಾಂಟೀನಿನಲ್ಲಿ ಮೆತ್ತಗಿನದನ್ನೇ ತಿಂದು, ಸುತ್ತೋಲೆ ಓದಲು ಕರೆದಾಗಲೆಲ್ಲ ಬಾಯಿಗೆ ಬೆರಳು ತೋರಿಸಿ ನಕ್ಕಿರುತ್ತಾರೆ. ತರುವಾಯ ಹೊಸ ಸೆಟ್ಟನ್ನು ಬೇರುಗಳ ಮೇಲೆ ಒತ್ತಿ ಕೂರಿಸಲಾಯಿತು. ಕೂರುವಾಗ 'ಟಕ್' ಎಂಬ ಶಬ್ದ ಬಂತೆಂದು ವೈದ್ಯೆಯವರು ಸಂತೋಷದಿಂದ ಎಲ್ಲರಿಗೂ ಹೇಳಿಕೊಂಡು ಬಂದಿರುತ್ತಾರೆ. ಸಂತೋಷಕ್ಕೆ ಅನುಮತಿ ಪಡೆದಿರಲಿಲ್ಲ.

10. ಅನಧಿಕೃತ ಹಲ್ಲುಗಳ ಸ್ಥಳ ತನಿಖೆಗಾಗಿ ಅದೇ ತನಿಖಾಧಿಕಾರಿಯನ್ನು ಮತ್ತೆ ಮನೆಗೆ ಕಳುಹಿಸಲಾಯಿತು. ಅವರು ಸಂಜೆ ಹೋದವರು ಊಟದ ಹೊತ್ತಾದರೂ ಹಿಂದಿರುಗಲಿಲ್ಲ. ಸಲ್ಲಿಸಿದ ವರದಿಯಲ್ಲಿ "ಕೇಳಿದೆ" ಎಂಬ ಒಂದೇ ಪದವಿದೆ. ವಿವರಣೆ ಕೇಳಲಾಗಿ ಮೌಖಿಕವಾಗಿ ಇಷ್ಟು ತಿಳಿಸಿರುತ್ತಾರೆ: ತಂಗಿ ಗದ್ದದಿಂದ ಕೈ ತೆಗೆದು, ಎರಡೂ ಕೈಯಲ್ಲಿ ಪುಸ್ತಕ ಹಿಡಿದು, ನಿಂತಲ್ಲಿಂದಲೇ ಶುರು ಮಾಡಿದರು. ತಾಯಿ ಕಡಿವಾಣ ಬಿಟ್ಟಳು. ಕುದುರೆ ಹೊರಟಿತು. ಆ ಪದ್ಯದಲ್ಲಿ ಸಾಲಿಗೆ ನಾಲ್ಕರಂತೆ ಒತ್ತಕ್ಷರ, ಒಂದೂ ಜಾರಲಿಲ್ಲ. ಅಣ್ಣನವರು "ಹೂಂ, ಮುಂದಕ್ಕೆ ಓದು" ಎಂದರು. ಸ್ವಲ್ಪ ಹೊತ್ತಿಗೆ ತಂಗಿಯೇ "ನಿದ್ದೆ ಬಂತೇನಣ್ಣ?" ಎಂದು ಕಾಲೆಳೆದರು. "ಬಾಯಿ ಮುಚ್ಚಿ ಓದು" ಎಂದರು ಅಣ್ಣ. ಹಾಗೆ ಓದಲು ಹೇಗೆ ಸಾಧ್ಯ ಎಂದು ತನಿಖಾಧಿಕಾರಿ ಕೇಳಬೇಕೆಂದುಕೊಂಡರಂತೆ; ಅಷ್ಟರಲ್ಲಿ ಮುಂದಿನ ಪದ್ಯ ಶುರುವಾಗಿತ್ತಂತೆ. ತನಿಖಾಧಿಕಾರಿಯ ವಿರುದ್ಧ, ತನಿಖೆಯ ವೇಳೆ ಕಣ್ಣೊರೆಸಿಕೊಂಡ ಆರೋಪದ ಮೇಲೆ, ಪ್ರತ್ಯೇಕವಾಗಿ ಕ್ರಮ ಜರುಗಿಸಲಾಗುತ್ತಿದೆ.

11. ಆಗಬಾರದ್ದು ಆಗಿಹೋಗಿರುವುದರಿಂದ, ಮಾನವೀಯ ದೃಷ್ಟಿಯಿಂದ, ಸದರಿ ಹಲ್ಲುಗಳನ್ನು ಕೆಳಕಂಡ ಷರತ್ತುಗಳಿಗೆ ಒಳಪಟ್ಟು ಸಕ್ರಮಗೊಳಿಸಲಾಗಿದೆ:

(ಅ) ಎಡ ಬೇರು ಮತ್ತು ಬಲ ಬೇರಿಗೆ ಪ್ರತ್ಯೇಕ ಕಡತ ತೆರೆಯತಕ್ಕದ್ದು. ಒಂದರ ಕಡತವನ್ನು ನೋಡಿ ಇನ್ನೊಂದು ಅಸಮಾಧಾನಗೊಳ್ಳದಂತೆ ಎರಡನ್ನೂ ಒಂದೇ ದಪ್ಪಕ್ಕೆ ಬೆಳೆಸತಕ್ಕದ್ದು.

(ಆ) ಕುರ್ಚಿ ಮೇಜುಗಳಿಗೆ ಬಳಿಯುವಂತೆ ಸೆಟ್ಟಿನ ಮೇಲೂ ಇಲಾಖೆಯ ಸಂಖ್ಯೆಯನ್ನು ಬಿಳಿ ಬಣ್ಣದಲ್ಲಿ ಬರೆಯತಕ್ಕದ್ದು. ಹಲ್ಲು ಬಿಳಿಯೇ ಇರುವುದರಿಂದ ಸಂಖ್ಯೆ ಕಾಣದಿದ್ದರೆ ಅದಕ್ಕೆ ವಾಚಕಿಯವರೇ ಹೊಣೆ.

(ಇ) 'ಟಕ್' ಶಬ್ದವು ಕಚೇರಿ ಆರಂಭವಾಗುವ ಗಂಟೆಯ ನಂತರವೇ ಕೇಳಿಸತಕ್ಕದ್ದು. ಮೊದಲೇ ಕೇಳಿಸಿದಲ್ಲಿ ಹೆಚ್ಚುವರಿ ಕೆಲಸವೆಂದು ಹಕ್ಕು ಸಾಧಿಸುವಂತಿಲ್ಲ.

(ಈ) ಗಟ್ಟಿ ಪದಾರ್ಥ ಅಗಿಯುವ ಮುನ್ನ ಎರಡೂ ಬೇರುಗಳ ಅಭಿಪ್ರಾಯ ಪಡೆಯತಕ್ಕದ್ದು.

(ಉ) ಬೇರುಗಳ ಸುತ್ತ ಪ್ರತಿದಿನ ಬ್ರಷ್ ಮಾಡಬೇಕು, ಆಗಾಗ ತೋರಿಸಲು ಬರಬೇಕು, ಇಲ್ಲದಿದ್ದರೆ ಉಳಿದ ಮೂಳೆಯೂ ಹೋಗುತ್ತದೆ ಎಂದು ವೈದ್ಯೆಯವರು ಸೇರಿಸಲು ಕೋರಿದ್ದಾರೆ. ಇದೊಂದು ಮಾತ್ರ ಉಪಯೋಗದ ಷರತ್ತಾಗಿರುವುದರಿಂದ ಪ್ರತ್ಯೇಕ ಸುತ್ತೋಲೆಯಲ್ಲಿ ಪರಿಶೀಲಿಸಲಾಗುವುದು.

12. ಎಲ್ಲಕ್ಕಿಂತ ಮುಖ್ಯವಾಗಿ: ಸದರಿ ಸೆಟ್ಟು ತೆಗೆದಿಡಲು ಬರುವಂಥದ್ದಾಗಿದೆ. ಕಚೇರಿಯ ಉಪಕರಣವನ್ನು ಮನೆಗೆ ಒಯ್ಯುವಂತಿಲ್ಲವೆಂಬುದು ಎಲ್ಲರಿಗೂ ತಿಳಿದ ನಿಯಮ. ಆದ್ದರಿಂದ ವಾಚಕಿಯವರು ಪ್ರತಿದಿನ ಸಂಜೆ ಕಚೇರಿ ಬಿಡುವ ಮೊದಲು ಸೆಟ್ಟನ್ನು ತೆಗೆದು, ಅಧೀಕ್ಷಕರ ಕೊಠಡಿಯ ಕಬ್ಬಿಣದ ಬೀರುವಿನಲ್ಲಿ, ನೀರು ತುಂಬಿದ ಲೋಟದಲ್ಲಿ ಇರಿಸಿ, ಬೀಗದ ಕೈಯನ್ನು ಅಧೀಕ್ಷಕರಿಗೆ ಒಪ್ಪಿಸತಕ್ಕದ್ದು. ಬೇರುಗಳು ದವಡೆಯಲ್ಲೇ ಇರುವುದರಿಂದ ಅವು ಮನೆಗೆ ಹೋಗಲು ಇಲಾಖೆಯ ಅಡ್ಡಿ ಇಲ್ಲ. ಮನೆಯ ಓದಿಗೆ ಇಲಾಖೆಯ ಹಲ್ಲು ದೊರೆಯುವುದಿಲ್ಲ. ಅಣ್ಣನವರು ಈ ಹಿಂದೆ ತೋರಿಸುತ್ತಿದ್ದ ನಿದ್ದೆಯನ್ನು ನಿಜವಾಗಿ ಮಾಡುವ ಅಭ್ಯಾಸ ಬೆಳೆಸಿಕೊಳ್ಳಬಹುದೆಂದು ಸಲಹೆ ನೀಡಲಾಗಿದೆ.

13. ಈ ಸುತ್ತೋಲೆಯು ವಾಚಕಿಯವರು ಸಭಾಂಗಣದಲ್ಲಿ ಗಟ್ಟಿಯಾಗಿ ಓದಿ ಮುಗಿಸಿದ ಕ್ಷಣದಿಂದ ಜಾರಿಗೆ ಬರತಕ್ಕದ್ದು.

ಸಹಿ/- (ಓದಲು ಬರುತ್ತಿಲ್ಲ)
ಅಧೀಕ್ಷಕರು
ಅಧೀಕ್ಷಕರ ಅನುಪಸ್ಥಿತಿಯಲ್ಲಿ, ಅಧೀಕ್ಷಕರ ಪರವಾಗಿ

ಪ್ರತಿಗಳು:
1. ಸಮಿತಿಯ ಎಲ್ಲಾ ಸದಸ್ಯರಿಗೆ, ತಾವು ಸಮಿತಿಯ ಸದಸ್ಯರೆಂಬ ಮಾಹಿತಿಗಾಗಿ.
2. ದಂತ ವೈದ್ಯೆಯವರಿಗೆ, ಇನ್ನು ಮುಂದೆ ಒಂದು ಸಾಲಿನ ಟಿಪ್ಪಣಿ ಬರೆಯಬಾರದೆಂಬ ಎಚ್ಚರಿಕೆಯೊಂದಿಗೆ.
3. ಶೋಧನಾ ತಂಡಕ್ಕೆ. ಹುಡುಕಾಟ ಮುಂದುವರಿಯಲಿ.
4. ವಾಚಕಿಯವರ ಸೊಂಟಕ್ಕೆ, ನಿರಾಕ್ಷೇಪಣಾ ಪತ್ರದ ಎರಡನೇ ನೆನಪೋಲೆಯಾಗಿ.
5. ಪಕ್ಕದ ಮನೆಯವರಿಗೆ, ಬಾಯಿಯೊಂದಿಗೆ ಖುದ್ದು ಹಾಜರಾಗಲು.
6. ಕಡತಕ್ಕೆ.
7. ಕಡತ ಸಿಗದಿದ್ದಲ್ಲಿ, ಕಡತ ಸಿಗುತ್ತಿಲ್ಲವೆಂಬ ಕಡತಕ್ಕೆ.
8. ವಾಚಕಿಯವರಿಗೆ, ಓದಿ ಜಾರಿಗೊಳಿಸಲು.

ಷರಾ:

ವಾರದ ಮೊದಲ ದಿನ ಬೆಳಗ್ಗೆ ಸಿಬ್ಬಂದಿಯೆಲ್ಲ ಸಭಾಂಗಣದಲ್ಲಿ ನೆರೆದಿರುವಾಗ ಈ ಸುತ್ತೋಲೆಯನ್ನು ವಾಚಕಿಯವರ ಕೈಗೆ ಕೊಡಲಾಯಿತು. ಅವರು ಎದ್ದು ನಿಂತು, ಕನ್ನಡಕ ಹಾಕಿಕೊಂಡು, ಮೊದಲಿನಿಂದ ಕೊನೆಯವರೆಗೆ ಮನಸ್ಸಿನಲ್ಲೇ ಓದಿಕೊಂಡರು. ಹನ್ನೆರಡನೇ ಕಲಮನ್ನು ಎರಡು ಸಲ ಓದಿದಂತೆ ಕಂಡುಬಂತು. ಬಳಿಕ ಹಾಳೆಗಳನ್ನು ಅಂಚು ಸರಿಪಡಿಸಿ ಮಡಚಿ, ಅಧೀಕ್ಷಕರ ಮುಂದಿನ ಮೇಜಿನ ಮೇಲಿಟ್ಟರು.

"ಶುರು ಮಾಡಿ ಅಕ್ಕ, ಎಲ್ಲರೂ ಕಾಯ್ತಿದಾರೆ" ಎಂದು ಅಧೀಕ್ಷಕರು ಕೋರಿದರು. "ಈಗಂತೂ ಹಲ್ಲು ಗಟ್ಟಿ ಕೂತಿದೆಯಲ್ಲ, ಏನು ತೊಂದರೆ?"

"ಹಲ್ಲಿಗೆ ತೊಂದರೆ ಇಲ್ಲ ಸಾರ್" ಎಂದರು ವಾಚಕಿಯವರು. "ಸಂಜೆ ನಮ್ಮಣ್ಣ ಕಾಯ್ತಿರ್ತಾನೆ. ಇದನ್ನ ನಾನು ಓದಲ್ಲ."

ಸದರಿ ಮಾತಿನ ಒಂದೊಂದು ಅಕ್ಷರವೂ ಕೊನೆಯ ಬೆಂಚಿನವರೆಗೆ ಸ್ಪಷ್ಟವಾಗಿ ಕೇಳಿಸಿದೆ ಎಂದು ದೃಢೀಕರಿಸಲಾಗಿದೆ.